ಸರ್ಕಾರ ಹೇಳಿದ ಕಾಲುಸಾರು

ಚಂಡಮಾರುತ ಬಂದದ್ದು ಸೌರಾಷ್ಟ್ರದ ಕರಾವಳಿಗೆ. ವಡೋದರಾದಲ್ಲಿರುವ ನಮಗೂ ಅದಕ್ಕೂ ಏನೂ ಸಂಬಂಧವಿಲ್ಲ ಎಂದು ಟೀವಿಯಲ್ಲಿ ಒಬ್ಬ ಮಹಾಶಯರು ಬುಧವಾರ ಕೋಲು ಹಿಡಿದು, ನಕ್ಷೆ ತೋರಿಸಿ ವಿವರಿಸಿದ್ದರು. ಗುರುವಾರ ಅದು ದಡ ಹತ್ತಿತು, ದಾರಿ ತಪ್ಪಿತು, ಹೊತ್ತು ತಂದ ನೀರನ್ನೆಲ್ಲ ನಮ್ಮ ತಲೆಯ ಮೇಲೆ ಸುರಿದು ಹಗುರಾಯಿತು. ಶುಕ್ರವಾರ ಬೆಳಿಗ್ಗೆ ಎದ್ದು ನೋಡಿದರೆ ವಿಶ್ವಾಮಿತ್ರಿ ನದಿ ನಮ್ಮ ಹೋಟೆಲಿನೊಳಗೆ ಬಂದು ಕೂತಿತ್ತು.

ಹೋಟೆಲು ನೆಲಮಹಡಿಯಲ್ಲಿ, ಮನೆ ಅದೇ ಕಟ್ಟಡದ ಎರಡನೇ ಮಹಡಿಯಲ್ಲಿ. ನಲವತ್ತು ವರ್ಷದ ಹಿಂದೆ ಕುಂದಾಪುರದಿಂದ ಬಂದು ಈ ಹೋಟೆಲು ಹಾಕಿದವರು ನನ್ನ ಮಾವ ವಿಠ್ಠಲ ಭಟ್ಟರು. ಅವರದೊಂದು ಶಿಸ್ತು. ಹೋಟೆಲು ಮುಚ್ಚಿದ್ದರೆ ಬಾಗಿಲಿನ ಬೋರ್ಡು ‘ಬಂದ್’ ಎಂದೇ ತೋರಿಸಬೇಕು, ಗಿರಾಕಿಗೆ ಮೋಸವಾಗಬಾರದು. ಅವತ್ತು ಕಿಟಕಿಯಿಂದ ಬಗ್ಗಿ ನೋಡುತ್ತಾರೆ, ಸೊಂಟದ ಮಟ್ಟದ ನೀರಿನಲ್ಲಿ ಬೋರ್ಡು ‘ಚಾಲೂ’ ಎನ್ನುತ್ತ ತೂಗಾಡುತ್ತಿದೆ. ನಾನು ಬೇಡ ಎನ್ನುವಷ್ಟರಲ್ಲಿ ಪಂಚೆ ಎತ್ತಿ ಕಟ್ಟಿ ಇಳಿದೇಬಿಟ್ಟರು. ಬೋರ್ಡು ತಿರುಗಿಸಿದರು ಕೂಡ. ವಾಪಸ್ಸು ಬರುವಾಗ ಮೆಟ್ಟಿಲಲ್ಲಿ ಜಾರಿ ಬಲಗಾಲು ಮುರಿದುಕೊಂಡರು.

ನಮ್ಮ ಅಡುಗೆಯ ಹಾಲೇಶ, ದಾವಣಗೆರೆ ಕಡೆಯವನು, ಅವರನ್ನು ಹೆಗಲಿಗೆ ಹಾಕಿಕೊಂಡು ಮೇಲೆ ತಂದ. ನಾಲ್ಕನೇ ಮಹಡಿಯಲ್ಲಿ ಒಬ್ಬ ಡಾಕ್ಟರಿದ್ದಾರೆ. ಏನು ಮಾಡೋಣ, ಹಲ್ಲಿನ ಡಾಕ್ಟರು. ಬಂದವರೇ ಅಭ್ಯಾಸಬಲದಿಂದ “ಬಾಯಿ ತೆರೆಯಿರಿ” ಎಂದರು. ಮಾವ ಬಾಯಿ ತೆರೆದು ಬೈದ ಮೇಲೆ ಕಾಲಿನ ಕಡೆ ಹೋದರು. ಹೋಟೆಲಿನ ಎರಡು ಉದ್ದ ಸಟ್ಟುಗಗಳನ್ನು ಅತ್ತಿತ್ತ ಇಟ್ಟು ಬಟ್ಟೆ ಸುತ್ತಿ ಕಟ್ಟಿದರು. ಆಮೇಲೆ ನನ್ನನ್ನು ಹೊರಗೆ ಕರೆದು, ಮುರಿದ ಜಾಗದಿಂದ ಕೆಳಗೆ ರಕ್ತ ಸರಿಯಾಗಿ ಹರಿಯುತ್ತಿಲ್ಲ, ಭಾನುವಾರದೊಳಗೆ ಆಸ್ಪತ್ರೆ ಸೇರಿಸದಿದ್ದರೆ ಕಾಲು ಉಳಿಯುವುದು ಕಷ್ಟ ಎಂದರು. ಆಗ ಅವರ ಮುಖದಲ್ಲಿ ತಮಾಷೆ ಇರಲಿಲ್ಲ.

ಅತ್ತೆ ಗಿರಿಜಮ್ಮನವರಿಗೆ ಇದನ್ನು ಹೇಗೆ ಹೇಳುವುದು? ಮಾವ ಇಲ್ಲಿ ಹೋಟೆಲು ನಡೆಸುತ್ತಿದ್ದಷ್ಟು ಕಾಲವೂ ಅವರು ಊರಿನಲ್ಲೇ ಇದ್ದವರು, ಗಂಡನನ್ನು ವರ್ಷಕ್ಕೆ ಒಂದು ತಿಂಗಳು ಕಂಡವರು. ಹೋದ ದೀಪಾವಳಿಗೆ ಬಂದು, ಇನ್ನು ನಾನು ಹೋಗುವುದಿಲ್ಲ ಎಂದು ಉಳಿದರು. ದಿನಾ ಸಂಜೆ ಇಬ್ಬರೂ ಕಮಾಟಿಬಾಗ್‌ನಲ್ಲಿ ಎರಡು ಸುತ್ತು ನಡೆಯುತ್ತಾರೆ. ಮದುವೆಯಾಗಿ ಐವತ್ತೆರಡು ವರ್ಷದ ಮೇಲೆ ಗಂಡನ ಜೊತೆ ನಡೆಯುವ ಯೋಗ ಬಂತು ಎಂದು ಅತ್ತೆ ನಾಚಿಕೆಯಿಲ್ಲದೆ ಎಲ್ಲರಿಗೂ ಹೇಳುತ್ತಾರೆ. ಹಾಗಾಗಿ ಆ ಕಾಲು ಬರೀ ಮಾವನದಲ್ಲ. ಹೇಳದೆ ವಿಧಿಯಿರಲಿಲ್ಲ, ಹೇಳಿದೆ.

ಇಷ್ಟೆಲ್ಲ ಆಗುವಾಗ ನನ್ನ ಗಂಡ ಹರೀಶ್ ಎಲ್ಲಿದ್ದ? ಸೂರತ್‌ನಲ್ಲಿ. ಅಲ್ಲಿ ಸಚಿನ್ ಎಂಬ ಊರಿನ ಕಡೆ ಒಂದು ಕಾರ್ಖಾನೆಯ ಕ್ಯಾಂಟೀನು ವಹಿಸಿಕೊಳ್ಳುವ ಮಾತುಕತೆಗೆ ಹೋದವನು, ರೈಲು ನಿಂತು ಅಲ್ಲೇ ಸಿಕ್ಕಿಬಿದ್ದ. ಒಣಗಿದ ಅಂಗಿ ಹಾಕಿಕೊಂಡು, ಫ್ಯಾನಿನ ಕೆಳಗೆ ಕೂತು, ದಿನಕ್ಕೆ ಆರು ಸಲ ಫೋನು ಮಾಡಿ ‘ಧೈರ್ಯವಾಗಿರು’ ಎನ್ನುತ್ತಿದ್ದ.

ಪ್ರವಾಹ ಬಂದರೆ ಜನ ಅಳುತ್ತಾರೆ ಎಂದು ನಾನು ತಿಳಿದಿದ್ದೆ. ನಮ್ಮ ಸೊಸೈಟಿಯವರು ಮೊದಲ ದಿನ ತಾರಸಿ ಹತ್ತಿ ಅಂತ್ಯಾಕ್ಷರಿ ಆಡಿದರು. ಕರೆಂಟು ಇಲ್ಲ, ಫ್ರಿಜ್ಜಿನಲ್ಲಿದ್ದದ್ದೆಲ್ಲ ಕೆಡುತ್ತದೆ, ಆದ್ದರಿಂದ ಬೆಳಿಗ್ಗೆ ಎಂಟಕ್ಕೆ ಎಲ್ಲರೂ ಐಸ್‌ಕ್ರೀಮು ತಿಂದರು. ಹಾಲೇಶ ಹೋಟೆಲಿನಿಂದ ಎರಡು ಸಿಲಿಂಡರು, ಮೂರು ಬಕೆಟ್ ದೋಸೆಹಿಟ್ಟು ಮೇಲೆ ಸಾಗಿಸಿದ್ದ. ಸೆಕೆಗೆ ಹಿಟ್ಟು ಉಕ್ಕಿ ಬಕೆಟ್ಟಿನ ಹೊರಗೆ ಬರುತ್ತಿತ್ತು. ಹುಯ್ಯದೆ ಬೇರೆ ದಾರಿ ಇರಲಿಲ್ಲ. ಒಂದು ಕಟ್ಟಡದಿಂದ ಇನ್ನೊಂದಕ್ಕೆ ಹಗ್ಗ ಕಟ್ಟಿ ಬುಟ್ಟಿ ಓಡಿಸಿದರು. ಅತ್ತ ದೋಸೆ ಹೋಗುತ್ತಿತ್ತು, ಇತ್ತ ಥೇಪ್ಲಾ ಬರುತ್ತಿತ್ತು. ನೀರಿನಲ್ಲಿ ಮೊಸಳೆ ಕಂಡಿತು ಎಂದು ಯಾರೋ ಕೂಗಿದರು. ಅರ್ಧ ಗಂಟೆ ವಿಡಿಯೋ ಮಾಡಿದ ಮೇಲೆ ಅದು ಒಂದು ಸ್ಕೂಟರಿನ ಸೀಟು ಎಂದು ಗೊತ್ತಾಯಿತು. ನಿಜವಾದ ಮೊಸಳೆ ಸಂಜೆ ಬಂತು, ಅದನ್ನು ಯಾರೂ ನಂಬಲಿಲ್ಲ.

ಎರಡನೇ ದಿನಕ್ಕೆ ಕುಡಿಯುವ ನೀರು ಮುಗಿಯುತ್ತ ಬಂತು, ಜನರಿಗೆ ಸಿಟ್ಟೂ ಬಂತು. ಆದರೆ ಅದನ್ನೂ ಒಂದು ಹಬ್ಬದ ಹಾಗೆ ಮಾಡಿದರು. ಈ ಕಟ್ಟಡದವರು ‘ಸರ್ಕಾರ’ ಎಂದು ಕೂಗಿದರೆ ಎದುರಿನವರು ‘ಹಾಯ್ ಹಾಯ್’ ಎಂದು ಧಿಕ್ಕಾರ ಹೇಳಬೇಕು. ಯಾರ ದನಿ ಜೋರು ಎಂದು ಪಂದ್ಯ. ಶನಿವಾರ ಮಧ್ಯಾಹ್ನ ಎಲ್ಲರ ಮೊಬೈಲಿಗೂ ಒಟ್ಟಿಗೆ ಒಂದು ಸರ್ಕಾರಿ ಸಂದೇಶ ಬಂತು: ‘ನಿಮ್ಮ ಪ್ರದೇಶದಲ್ಲಿ ಮಳೆಯಾಗುವ ಸಂಭವವಿದೆ, ತಗ್ಗು ಜಾಗದಲ್ಲಿ ವಾಹನ ನಿಲ್ಲಿಸಬೇಡಿ.’ ಇಡೀ ಓಣಿ ನಕ್ಕ ನಗೆಗೆ ಪಾರಿವಾಳಗಳು ಹಾರಿಹೋದವು.

ಅದರ ಹಿಂದೆಯೇ ಒಂದು ಬೋಟು ಬಂತು. ಅದರೊಳಗೆ ಬಿಳಿ ಜುಬ್ಬಾದ ಒಬ್ಬ ನಾಯಕರು, ಇಬ್ಬರು ಫೋಟೋದವರು, ಒಂದು ಪೆಟ್ಟಿಗೆ ಬಿಸ್ಕತ್ತು. ನಾನು ಬಾಲ್ಕನಿಯಿಂದ ಬಗ್ಗಿ, ಕಾಲು ಮುರಿದವರಿದ್ದಾರೆ, ಆಸ್ಪತ್ರೆಗೆ ಸೇರಿಸಿ ಎಂದು ಗಂಟಲು ಹರಿಯುವಂತೆ ಕೂಗಿದೆ. ಅವರು ಮುಗುಳ್ನಕ್ಕು ಕೈ ಬೀಸಿದರು. ಒಂದನೇ ಮಹಡಿಯ ದಕ್ಷಾಬೆನ್‌ಗೆ ಇದನ್ನು ಸಹಿಸಲಾಗಲಿಲ್ಲ. ಬಟ್ಟೆ ಒಗೆದ ನೀರನ್ನು ಬಕೆಟ್ಟಿನೊಂದಿಗೆ ಎತ್ತಿ ಜುಬ್ಬಾದ ಮೇಲೆ ಸುರಿದರು. “ಇದೇನು ಬೆನ್, ನೀರು!” ಎಂದು ನಾಯಕರು ಕೂಗಿದರು. “ಹೌದು, ನಮ್ಮಲ್ಲಿ ಅದೊಂದೇ ಇರುವುದು” ಎಂದರು ದಕ್ಷಾಬೆನ್. ಬೋಟು ಬಂದದ್ದಕ್ಕಿಂತ ಬೇಗ ಹೋಯಿತು. ಓಣಿ ಚಪ್ಪಾಳೆ ಹೊಡೆಯಿತು. ನನಗೆ ಮಾತ್ರ ಹೊಟ್ಟೆ ಉರಿಯಿತು. ಹೋದದ್ದು ನಾಯಕರಾದರೂ ಬೋಟು ಬೋಟೇ ಅಲ್ಲವೆ?

ಎರಡು ದಿನದಲ್ಲಿ ನಾನು ಸಹಾಯವಾಣಿಗೆ ಹನ್ನೊಂದು ಸಲ ಫೋನು ಮಾಡಿದ್ದೆ. ಮೊದಲ ಕರೆ ಹೇಗೋ ಅಹಮದಾಬಾದಿಗೆ ಹೋಯಿತು. ಅವರು ವಡೋದರಾದ ಕಂಟ್ರೋಲ್ ರೂಮಿನ ನಂಬರು ಕೊಟ್ಟರು. ಅಲ್ಲಿ ಒಬ್ಬ ಮನುಷ್ಯ ಪ್ರತಿ ಸಲವೂ ಪೂರ್ತಿ ಕೇಳಿಸಿಕೊಂಡು, “ಕಾಲೆ ಬೆನ್, ಸಾರು” ಎಂದು ಇಡುತ್ತಿದ್ದ. ಗುಜರಾತಿಯಲ್ಲಿ ‘ಬೆನ್’ ಎಂದರೆ ಅಕ್ಕ, ‘ಕಾಲೆ’ ಎಂದರೆ ನಾಳೆ. ‘ಸಾರು’ ಎಂದರೆ ಒಳ್ಳೆಯದು, ಆಗಲಿ. ಆದರೆ ‘ನಿನ್ನೆ’ ಎನ್ನಲಿಕ್ಕೂ ಇವರಿಗೆ ‘ಕಾಲೆ’ ಎಂಬ ಅದೇ ಮಾತು, ಆದ್ದರಿಂದ ಬೋಟು ನಾಳೆ ಬರುತ್ತದೋ ನಿನ್ನೆಯೇ ಬಂದು ಹೋಯಿತೋ ದೇವರಿಗೇ ಗೊತ್ತು. ಹನ್ನೊಂದನೇ ಸಲ ನಾನು ಅವನಿಗೆ ಮೂರು ಭಾಷೆಯಲ್ಲಿ ಮಂಗಳಾರತಿ ಮಾಡಿದೆ. ಆಮೇಲೆ ನನ್ನ ನಂಬರಿನಿಂದ ಕರೆ ಹೋಗುವುದೇ ನಿಂತಿತು.

ಭಾನುವಾರ ಬೆಳಿಗ್ಗೆ ಮಾವನ ಕಾಲ್ಬೆರಳುಗಳು ನೀಲಿಯಾಗಿದ್ದವು. ಮುಟ್ಟಿದರೆ ತಣ್ಣಗೆ. ನಾನು ತಾರಸಿಗೆ ಹೋಗಿ ಕೋಲಿಗೆ ಕೆಂಪು ಸೀರೆ ಕಟ್ಟಿ, ಹೆಲಿಕಾಪ್ಟರಾದರೂ ನೋಡಲಿ ಎಂದು ಅರ್ಧ ಗಂಟೆ ಬೀಸಿದೆ. ಹೆಲಿಕಾಪ್ಟರಿನಲ್ಲಿದ್ದವರೂ ಕೈ ಬೀಸಿದರು. ಸೋತು ಕೆಳಗೆ ಬಂದರೆ ಅತ್ತೆ ದೇವರ ಫೋಟೋದ ಎದುರು ಗಂಭೀರವಾಗಿ ಕೂತಿದ್ದಾರೆ, ಮಡಿಲಲ್ಲಿ ಮಾವನ ಮೊಬೈಲು.

“ಸುಮತೀ, ನಾನು ಸರ್ಕಾರಕ್ಕೆ ಫೋನ್ ಮಾಡಿದೆ.”

“ನೀವಾ? ಯಾವ ಭಾಷೆಯಲ್ಲಿ ಅತ್ತೆ?”

“ಹಿಂದಿಯಲ್ಲೇ ಮಾರಾಯ್ತಿ. ಹಮಾರಾ ಯಜಮಾನ್ ಕಾ ಕಾಲ್ ಟೂಟ್ ಗಯಾ, ಅಂದೆ.”

ಕಾಲಿಗೆ ಹಿಂದಿಯಲ್ಲಿ ಏನೆನ್ನುತ್ತಾರೆ ಎಂದು ಅವರಿಗೆ ನೆನಪಾಗಿರಲಿಲ್ಲ. ಕನ್ನಡದ್ದನ್ನೇ ಇಟ್ಟು ಮುಂದೆ ಹೋಗಿದ್ದರು.

“ಅವನಿಗೆ ಗೊತ್ತಾಯ್ತಾ?”

“ಗೊತ್ತಾಗದೆ ಎಂತ? ಕೂಡ್ಲೇ ‘ಕಾಲೆ, ಕಾಲೆ’ ಅಂದ. ಹೌದಪ್ಪ ಕಾಲೇ, ಬಲಗಾಲು, ಅಂದೆ. ಜನ ಒಳ್ಳೆಯವನೇ, ಸ್ವಲ್ಪ ಸದರ ಜಾಸ್ತಿ. ಇಷ್ಟು ಪ್ರಾಯದವಳನ್ನು ‘ಬಾ, ಬಾ’ ಅಂತ ಕರೀತಾನೆ.”

ಇಲ್ಲಿ ವಯಸ್ಸಾದ ಹೆಂಗಸರನ್ನು ‘ಬಾ’ ಎನ್ನುತ್ತಾರೆ, ಅಮ್ಮ ಎಂದ ಹಾಗೆ. ನನಗೆ ಆಗಲೇ ನಗು ಗಂಟಲಿಗೆ ಬಂದಿತ್ತು. “ಮತ್ತೆ ಎಂತ ಹೇಳಿದ?” ಎಂದೆ.

ಅತ್ತೆ ಬಾಗಿಲು ಮುಚ್ಚಿದೆಯೇ ಎಂದು ನೋಡಿದರು. ದನಿ ತಗ್ಗಿಸಿದರು.

“ಕಾಲುಸಾರು.”

“ಎಂತ?”

“ಕಾಲೆ, ಸಾರು. ಕಾಲೆ, ಸಾರು. ಎರಡೆರಡು ಸಲ ಹೇಳಿದ. ನನಗೆ ನಂಬ್ಲಿಕ್ಕೇ ಆಗ್ಲಿಲ್ಲ. ಕಾಲುಸಾರಾ, ಅಂತ ಬಿಡಿಸಿ ಕೇಳಿದೆ. ‘ಹಾ ಬಾ, ಕಾಲೆ, ಸಾರು’ ಅಂತ ಹೇಳಿ ಇಟ್ಟ.”

ಕಾಲುಸಾರು ಗೊತ್ತಿಲ್ಲದ ಕನ್ನಡಿಗರಿಲ್ಲ. ಮೂಳೆ ಮುರಿದವರಿಗೆ ಕುರಿಯ ಕಾಲು ಬೇಯಿಸಿ ಸಾರು ಮಾಡಿ ಕುಡಿಸುತ್ತಾರೆ, ಮೂಳೆ ಬೇಗ ಕೂಡುತ್ತದಂತೆ. ಆದರೆ ನಮ್ಮದು ಈರುಳ್ಳಿಗೂ ವಾರ ನೋಡುವ ಮನೆ. ನಾನು ಗೋಡೆಗೆ ಒರಗಿದೆ. ಅಲ್ಲಿಂದ ಜಾರಿ ನೆಲಕ್ಕೆ ಬಂದೆ. ಮೂರು ದಿನದ ಹೆದರಿಕೆಯೆಲ್ಲ ನಗುವಾಗಿ ಬಂದಿರಬೇಕು, ಹೊಟ್ಟೆ ಹಿಡಿದುಕೊಂಡರೂ ನಿಲ್ಲಲಿಲ್ಲ. “ಅತ್ತೆ, ಅದು ಸಾರಲ್ಲ” ಎಂದು ಶುರು ಮಾಡುತ್ತೇನೆ, ‘ಸಾರು’ ಎಂಬಲ್ಲಿಗೆ ಬಂದು ಮತ್ತೆ ಕುಸಿಯುತ್ತೇನೆ.

“ನಗಾಡ್ಬೇಡ,” ಎಂದರು ಅತ್ತೆ. “ನಿನಗೇನು. ಸರ್ಕಾರ ಯೋಚನೆ ಮಾಡದೆ ಹೇಳ್ತದಾ? ಬೋಟು ಬರುವವರೆಗೆ ಇದನ್ನಾದ್ರೂ ಕೊಡಿ ಅಂತ ಹೇಳಿದ್ದು.” ಎದ್ದು ಹಾಲೇಶನನ್ನು ಕರೆದರು. “ನಿನಗೆ ಕಾಲುಸಾರು ಮಾಡ್ಲಿಕ್ಕೆ ಬರ್ತದಾ?”

ಹಾಲೇಶ ಕೈಯಲ್ಲಿದ್ದ ಬಕೆಟ್ಟು ಕೆಳಗಿಟ್ಟ. ಆರು ವರ್ಷದಿಂದ ಈ ಮನೆಯಲ್ಲಿ ಆ ಪದವನ್ನು ಕನಸಿನಲ್ಲೂ ಆಡದವನು. “ಬರ್ತೈತಿ ಅಮ್ಮಾರೆ, ಭಾಳ ಚಲೋ ಬರ್ತೈತಿ. ಆದ್ರೆ ಕುರಿ ಎಲ್ಲಿಂದ ತರ್ಲಿ? ಕೆಳಗೆ ನೀರಾಗ ಮೊಸಳಿ ಒಂದು ಐತಿ ಅಂತಾರ. ಅದಕ್ಕೂ ನಾಕು ಕಾಲು ಇರ್ತಾವ.”

“ಮೊಸಳೆ ಸರ್ಕಾರದ್ದು,” ಎಂದರು ಅತ್ತೆ ಯೋಚಿಸಿ. “ಮುಟ್ಟಿದ್ರೆ ಕೇಸಾಗ್ತದೆ.”

ನಾನು ಮತ್ತೆ ನೆಲಕ್ಕೆ ಬಿದ್ದೆ. ಅಷ್ಟರಲ್ಲಿ ಅತ್ತೆ ಮಾವನ ಕೋಣೆಗೆ ಹೋಗಿಯಾಗಿತ್ತು. ಒಳಗಿನಿಂದ ಮಾವನ ದನಿ ಕೇಳಿಸಿತು. “ನನ್ನ ಬಾಯಿಗೆ ಇಷ್ಟು ವರ್ಷ ಒಂದು ಮೊಟ್ಟೆ ಹೋಗ್ಲಿಲ್ಲ ಗಿರಿಜೆ. ನಿನಗೆ ತಲೆ ಕೆಟ್ಟಿದ್ಯಾ?”

“ಕೆಡ್ಲಿ. ನೀವು ಕಣ್ಣು ಮುಚ್ಚಿ ಕುಡೀರಿ. ಪಾಪ ಬಂದ್ರೆ ನನಗೆ ಬರ್ಲಿ, ಪ್ರಾಯಶ್ಚಿತ್ತ ನಾನು ಮಾಡ್ಕೊಳ್ತೇನೆ. ಇಷ್ಟು ವರ್ಷ ನೀವು ಇಲ್ಲಿ, ನಾನು ಅಲ್ಲಿ. ಈಗ ಎಂಟು ತಿಂಗಳಾಯ್ತು ಒಟ್ಟಿಗೆ ನಡೀಲಿಕ್ಕೆ ಶುರು ಮಾಡಿ. ನನಗೆ ಸಾಕಾಗ್ಲಿಲ್ಲ ಇವರೇ.”

ಒಳಗೆ ಅತ್ತೆ ಅಳುತ್ತಿದ್ದರು. ನನ್ನ ನಗು ಅಲ್ಲಿಗೆ ನಿಂತಿತು, ಅಳು ಬಂತು. ಕಣ್ಣೊರೆಸಿಕೊಂಡು ಎಲ್ಲ ಬಿಡಿಸಿ ಹೇಳೋಣ ಎಂದು ಏಳುವಷ್ಟರಲ್ಲಿ ಹೊರಗೆ ಇಡೀ ಓಣಿ ಒಂದೇ ಸಲ ಬೊಬ್ಬೆ ಹಾಕಿತು.

ಅದಕ್ಕೆ ಕಾರಣ ನನ್ನ ಮಗಳು ಅರ್ಪಿತಾ. ಹದಿನೈದು ವರ್ಷ, ಹುಟ್ಟಿದ್ದು ಇಲ್ಲಿ. ಅವಳಿಗೆ ಕನ್ನಡ ಅರ್ಧ ಕೇಳುತ್ತದೆ, ಕಾಲು ಭಾಗ ಅರ್ಥವಾಗುತ್ತದೆ. ಕಾಲುಸಾರು ಎಂದರೇನು ಎಂದು ಹಾಲೇಶನನ್ನು ಕೇಳಿದ್ದಾಳೆ, ಅವನು ಬಾಯಿ ಚಪ್ಪರಿಸಿ ವಿವರಿಸಿದ್ದಾನೆ. ಅವಳು ಅದನ್ನು ಚೊಕ್ಕ ಗುಜರಾತಿಗೆ ತಿರುಗಿಸಿ ಸೊಸೈಟಿಯ ವಾಟ್ಸಾಪ್ ಗುಂಪಿಗೆ ಹಾಕಿದ್ದಾಳೆ: ‘ಅಜ್ಜನ ಕಾಲು ಮುರಿದಿದೆ. ಬೋಟು ಕೇಳಿದ್ದಕ್ಕೆ ಕಂಟ್ರೋಲ್ ರೂಮಿನವರು ಕುರಿಕಾಲಿನ ಸೂಪು ಕುಡಿಸಿ ಎಂದಿದ್ದಾರೆ. ನಾವು ಶುದ್ಧ ಶಾಕಾಹಾರಿಗಳು.’ ಕೊನೆಗೆ ಅಳುವ ಮುಖ ನಾಲ್ಕು.

ಮೂರು ದಿನದ ನೀರು ಮಾಡದ್ದನ್ನು ಆ ಮೂರು ವಾಕ್ಯ ಮಾಡಿದವು. ‘ಬ್ರೆಡ್ಡು ಕೊಡಲಿಲ್ಲ, ಈಗ ಧರ್ಮ ಕೆಡಿಸುತ್ತಾರೆ!’ ಎಂದು ಒಬ್ಬರು. ‘ಸೂಪಿನ ಗುತ್ತಿಗೆ ಯಾರಿಗೆ ಕೊಟ್ಟಿದ್ದಾರೆ ಕೇಳಿ’ ಎಂದು ಇನ್ನೊಬ್ಬರು. ‘ನೀರಿಗೆ ಸುಮ್ಮನಿದ್ದೆವು, ಇದಕ್ಕೆ ಸುಮ್ಮನಿರುವುದಿಲ್ಲ’ ಎಂದು ಮತ್ತೊಬ್ಬರು. ಯಾರೋ ಪುಣ್ಯಾತ್ಮ ಮಧ್ಯೆ ಗುಲಾಬಿ ಹೂವಿನ ಗುಡ್ ಮಾರ್ನಿಂಗ್ ಹಾಕಿದ. ಹದಿನೈದು ನಿಮಿಷಕ್ಕೆ ಅದು ಪಕ್ಕದ ಸೊಸೈಟಿಗಳಿಗೆ ಹೋಯಿತು, ಅರ್ಧ ಗಂಟೆಗೆ ಅಹಮದಾಬಾದಿನ ಯಾವುದೋ ಮೊಬೈಲ್ ಚಾನೆಲ್ಲಿಗೆ. ಅಲ್ಲಿ ಕೆಂಪು ಅಕ್ಷರದಲ್ಲಿ ‘ಪ್ರವಾಹದಲ್ಲಿ ವೃದ್ಧನಿಗೆ ಸೂಪು: ಹೊಣೆ ಯಾರು?’ ಎಂದು ಹಾಕಿ, ಪಕ್ಕದಲ್ಲಿ ಕುರಿಯ ಚಿತ್ರವನ್ನೂ ಹಾಕಿದರು. ಪಾಪದ ಕುರಿ, ಗಾಬರಿಯಾದಂತೆ ಕಂಡಿತು.

ಸೂರತ್‌ನಿಂದ ಹರೀಶ್ ಫೋನು ಮಾಡಿದ. “ಸುಮತಿ, ಎಂಥ ಅವಾಂತರ ಇದು! ಕ್ಯಾಂಟೀನಿನವರು ನಮ್ಮ ಸಾಂಬಾರಲ್ಲಿ ಎಂತ ಹಾಕ್ತೀರಿ ಅಂತ ಕೇಳ್ತಿದ್ದಾರೆ. ಅಮ್ಮನಿಗೆ ತಪ್ಪು ಕೇಳಿದ್ದು ಅಂತ ಈಗ್ಲೇ ಬರೆದು ಹಾಕು.”

ಅವನು ಹೇಳಿದ್ದು ಸರಿಯೇ. ನಾನು ಮೊಬೈಲು ತೆಗೆದೆ, ‘ಕ್ಷಮಿಸಿ, ಇದು ಭಾಷೆಯ ಗೊಂದಲ’ ಎಂದು ಬರೆದೆ. ಕಳುಹಿಸುವ ಮೊದಲು ಕೋಣೆಯತ್ತ ನೋಡಿದೆ. ಚಾದರದ ಹೊರಗೆ ಮಾವನ ಐದು ಬೆರಳು ನೇರಳೆ ಬಣ್ಣಕ್ಕೆ ತಿರುಗಿದ್ದವು. ಅತ್ತೆ ಎರಡೂ ಕೈಯಲ್ಲಿ ಅವನ್ನು ಉಜ್ಜುತ್ತ ಕೂತಿದ್ದರು. ಬಾಗಿಲಲ್ಲಿ ದಕ್ಷಾಬೆನ್ ಏದುಸಿರು ಬಿಡುತ್ತ ನಿಂತಿದ್ದರು. “ಸುಮತಿಬೆನ್, ಇದು ನಿಜವೇ? ಚಾನೆಲ್ಲಿನವರು ಲೈನಿನಲ್ಲಿದ್ದಾರೆ. ಹೌದೋ ಅಲ್ಲವೋ ಹೇಳಿ.”

ನಾನು ಬರೆದದ್ದನ್ನು ಒಂದೊಂದೇ ಅಕ್ಷರ ಅಳಿಸಿದೆ.

“ನಮ್ಮ ಅತ್ತೆ ಸುಳ್ಳು ಹೇಳುವವರಲ್ಲ,” ಎಂದೆ. ಅದಂತೂ ನಿಜವೇ.

ಒಂದು ಗಂಟೆ ಹತ್ತು ನಿಮಿಷಕ್ಕೆ ಸರ್ಕಾರ ಬಂತು. ದೊಡ್ಡ ಕಿತ್ತಳೆ ಬಣ್ಣದ ಬೋಟು, ಇಬ್ಬರು ರಕ್ಷಣಾ ಸಿಬ್ಬಂದಿ, ಮೈಕು ಹಿಡಿದ ಒಬ್ಬ ಅಧಿಕಾರಿ, ಕ್ಯಾಮೆರಾ ಹಿಡಿದ ಮೂವರು. ಕೊನೆಯ ಸೀಟಿನಲ್ಲಿ ಐವತ್ತು ದಾಟಿದ ಒಬ್ಬ ಬಡಪಾಯಿ, ಕನ್ನಡಕದ ಒಂದು ಕಡ್ಡಿಗೆ ದಾರ ಕಟ್ಟಿದವನು, ಮೊಣಕಾಲು ಜೋಡಿಸಿ ಕೂತಿದ್ದ. ಬೋಟು ಒಂದನೇ ಮಹಡಿಯ ಮೆಟ್ಟಿಲಿಗೆ ತಾಗಿತು. ಎಲ್ಲ ಬಾಲ್ಕನಿಗಳೂ ತುಂಬಿದವು.

“ಸೂಪಿನ ಬಗ್ಗೆ ಸ್ಪಷ್ಟೀಕರಣ ಕೊಡಲು ಬಂದಿದ್ದೇವೆ,” ಎಂದರು ಅಧಿಕಾರಿ ಮೈಕಿನಲ್ಲಿ. “ಸಂಬಂಧಪಟ್ಟ ಬಾ ಎಲ್ಲಿದ್ದಾರೆ?”

“ಮೊದಲು ಕಾಲು, ಆಮೇಲೆ ಸೂಪು,” ಎಂದೆ ನಾನು.

ಹಾಲೇಶ, ಹಲ್ಲಿನ ಡಾಕ್ಟರು, ಇನ್ನಿಬ್ಬರು ಸೇರಿ ಮಾವನನ್ನು ಪ್ಲಾಸ್ಟಿಕ್ ಕುರ್ಚಿಗೆ ಸೀರೆಯಿಂದ ಕಟ್ಟಿ ಇಳಿಸಿಯೇ ಬಿಟ್ಟರು. ಅಧಿಕಾರಿ ‘ಒಂದು ನಿಮಿಷ, ಒಂದು ನಿಮಿಷ’ ಎನ್ನುತ್ತಲೇ ಇದ್ದರು. ಅತ್ತೆ ಇಳಿದರು, ಹಿಂದೆ ನಾನು ಇಳಿದೆ. ಮಾವನ ಸಟ್ಟುಗ ಕಟ್ಟಿದ ಕಾಲು ಸೀಟಿನ ಮೇಲೆ ಭದ್ರವಾಗಿ ಕೂತ ಮೇಲೆ, “ಈಗ ಕೇಳಿ ಸ್ವಾಮಿ” ಎಂದೆ. ಕ್ಯಾಮೆರಾಗಳು ಕನ್ನಡಕದವನತ್ತ ತಿರುಗಿದವು. ಅವನ ಹೆಸರು ನಿತೇಶ್‌ಭಾಯಿ. ಜನನ ಮರಣ ನೋಂದಣಿಯ ಗುಮಾಸ್ತ, ಶುಕ್ರವಾರ ಕರೆದು ಫೋನಿನ ಮುಂದೆ ಕೂರಿಸಿದ್ದರಂತೆ.

“ಈ ಬಾ ಅವರಿಗೆ ನೀವು ಏನು ಹೇಳಿದಿರಿ? ಎಲ್ಲರೆದುರು ಹೇಳಿ,” ಎಂದರು ಅಧಿಕಾರಿ.

“ಕಾಲೆ,” ಎಂದ ನಿತೇಶ್‌ಭಾಯಿ. “ಕಾಲೆ, ಸಾರು. ಅಷ್ಟೇ ಸಾಹೇಬ್.”

ಈಗ ನಾನು ಹೇಳಲೇಬೇಕಾಯಿತು. ಕನ್ನಡದಲ್ಲಿ ಕಾಲು ಎಂದರೇನು, ಸಾರು ಎಂದರೇನು, ಎರಡೂ ಸೇರಿದರೆ ಏನಾಗುತ್ತದೆ ಎಂದು ಗುಜರಾತಿಯಲ್ಲಿ ವಿವರಿಸಿದೆ. ಮೊದಲು ದಕ್ಷಾಬೆನ್ ನಕ್ಕರು, ಅವರ ಮೇಲಿನವರು ನಕ್ಕರು, ಎದುರಿನ ಕಟ್ಟಡಕ್ಕೆ ನಗು ಹತ್ತಿತು, ಕ್ಯಾಮೆರಾದವನ ಕೈ ಅಲುಗಾಡಿತು. ಕಾಲು ಮುರಿದ ನಮ್ಮ ಮಾವ ಕೂಡ ಅಯ್ಯೋ ಅಯ್ಯೋ ಎಂದು ನರಳುತ್ತಲೇ ನಕ್ಕರು. ಅತ್ತೆಗೆ ಕನ್ನಡದಲ್ಲಿ ಹೇಳಿದೆ. ಅವರು ನಗಲಿಲ್ಲ.

“ನಾಳೆ ಅಂತಲಾ ಹೇಳಿದ್ದು? ಇವರಿಗೆ ಇವತ್ತೇ ಕಡೆ ಅಂತ ನಾನು ಹೇಳಿದ ಮೇಲೂ? ಎಷ್ಟು ಜನಕ್ಕೆ ಹಾಗೆ ಹೇಳಿದ್ದಾನೆ ಕೇಳು.”

ಕೇಳಿದೆ. ನಿತೇಶ್‌ಭಾಯಿ ಕೈ ಮುಗಿದ. “ಫೋನು ಮಾಡಿದ ಎಲ್ಲರಿಗೂ ಬೆನ್. ನನಗೆ ಫೋನು ಕೊಟ್ಟರು, ಬೋಟು ಕೊಡಲಿಲ್ಲ. ನಾನು ಬೇರೆ ಏನು ಹೇಳಲಿ? ನಮ್ಮ ಮನೆಯವರು ಫೋನು ಮಾಡಿದರೂ ಅದನ್ನೇ ಹೇಳಿದೆ.”

ಅತ್ತೆ ಅವನನ್ನೇ ನೋಡಿದರು. “ಪಾಪ,” ಎಂದರು. “ತಿಂಡಿ ತಿಂದಿದ್ದಾನಾ ಕೇಳು.”

ಅಧಿಕಾರಿಗೆ ಇದೆಲ್ಲ ಬೇಕಿರಲಿಲ್ಲ. ಅವರ ಮುಖ ಬೆಳಗಿತ್ತು. ಸೂಪಿಲ್ಲ, ಕುರಿಯಿಲ್ಲ, ಬರೀ ಭಾಷೆಯ ಗೊಂದಲ ಎಂದು ಮೂರು ಕ್ಯಾಮೆರಾಗಳಿಗೂ ಒಂದೊಂದು ಸಲ ಹೇಳಿದರು. ಎಂಜಿನ್ ಶುರುಮಾಡಲು ಕೈ ತೋರಿಸಿದರು. ಮಾವನ ಕಾಲು ಉಳಿಯಿತು ಎಂದು ಇಲ್ಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಮುಂದಿನದನ್ನು ನೀವು ನೆಮ್ಮದಿಯಾಗಿ ಓದಲಾರಿರಿ. ಬೋಟು ಮೆಟ್ಟಿಲು ಬಿಟ್ಟು ಓಣಿಯ ಮಧ್ಯಕ್ಕೆ ಬಂತು. ಆಗ ಎದುರು ಕಟ್ಟಡದ ಒಂದನೇ ಮಹಡಿಯಿಂದ ಒಬ್ಬಳು ಹೆಂಗಸು ಮಗುವನ್ನು ಎತ್ತಿ ಹಿಡಿದು, ಎರಡು ದಿನದ ಜ್ವರ, ಕರೆದುಕೊಂಡು ಹೋಗಿ ಎಂದು ಕೂಗಿದಳು. ಅದರ ಮೇಲಿನ ಮಹಡಿಯಲ್ಲಿ ಯಾರಿಗೋ ಡಯಾಲಿಸಿಸ್ ಆಗಬೇಕಿತ್ತು. ಇನ್ನೊಂದು ಬಾಲ್ಕನಿಯಲ್ಲಿ ಏಳು ತಿಂಗಳ ಬಸುರಿ. ಅಧಿಕಾರಿ ಮೈಕು ಬಾಯಿಗಿಟ್ಟರು. ಕೆಟ್ಟ ಅಭ್ಯಾಸ, ಬಾಯಿಂದ ಅದೇ ಬಂತು: “ಕಾಲೆ!”

ನಕ್ಕು ಸುಸ್ತಾಗಿದ್ದ ಜನ ಕೆರಳಿದರು. ದಕ್ಷಾಬೆನ್ ಶುರುಮಾಡಿದರು, “ಆಜೆ!” ಆಜೆ ಎಂದರೆ ಇವತ್ತು. ಎದುರಿನವರು ಎತ್ತಿಕೊಂಡರು, ತಾರಸಿಯವರು ಎತ್ತಿಕೊಂಡರು, ತಟ್ಟೆ ಬಡಿದರು, ಪಾತ್ರೆ ಬಡಿದರು. “ಆಜೆ! ಆಜೆ! ಆಜೆ!” ಓಣಿಯ ಎರಡೂ ಕಡೆಯಿಂದ ಅದೊಂದೇ ಕೂಗು. ಅಧಿಕಾರಿ ತಲೆ ತಗ್ಗಿಸಿ ಎಂಜಿನ್ನಿನವನಿಗೆ ಬೇಗ ಎಂದರು. ಬೋಟಿನಲ್ಲಿದ್ದ ಎಲ್ಲರಿಗೂ ಆ ಮಾತು ಚೆನ್ನಾಗಿ ಅರ್ಥವಾಗಿತ್ತು, ಎಲ್ಲರೂ ನೀರು ನೋಡುತ್ತಿದ್ದರು. ನಾನೂ ನೋಡುತ್ತಿದ್ದೆ, ಮಾವನ ಬೆರಳುಗಳನ್ನು. ಬೇಗ ಹೋದರೆ ಸಾಕು ಎಂದು ನನಗೂ ಅನಿಸಿತ್ತು, ಸುಳ್ಳು ಹೇಳುವುದಿಲ್ಲ.

ಅತ್ತೆ ನನ್ನ ತೋಳು ಹಿಡಿದು ಜಗ್ಗಿದರು.

“ಸುಮತೀ, ಇಷ್ಟು ಜನ ‘ಅಜ್ಜಿ, ಅಜ್ಜಿ’ ಅಂತ ಕರೀತಿದ್ದಾರಲ್ಲ! ನನಗೆ ಗೊತ್ತೇ ಇರ್ಲಿಲ್ಲ, ಇವರಿಗೆಲ್ಲ ನನ್ನ ಮೇಲೆ ಇಷ್ಟು ಪ್ರೀತಿ ಅಂತ.”

ಎಂದವರೇ ಎದ್ದು ನಿಂತರು. ಬೋಟು ಓಲಾಡಿತು. ಕೈ ಚಾಚಿ ಎಂಜಿನ್ನಿನವನ ಕಾಲರು ಹಿಡಿದರು. “ನಿಲ್ಸು ಮಾರಾಯ! ಕಿವಿ ಕೇಳುದಿಲ್ವಾ ನಿನಗೆ? ಕರೀತಿದ್ದಾರೆ!” ಕನ್ನಡ ತಿಳಿಯದ ಆ ಮನುಷ್ಯ ಗಾಬರಿಯಲ್ಲಿ ಎಂಜಿನ್ ಆರಿಸಿಬಿಟ್ಟ.

“ಗಿರಿಜೆ, ಕೂತ್ಕೋ, ನನ್ನ ಕಾಲು!” ಎಂದರು ಮಾವ.

“ನಿಮ್ಮ ಕಾಲು ಬೋಟಲ್ಲುಂಟು ಇವರೇ. ಅವರದ್ದು ಇನ್ನೂ ನೀರಲ್ಲುಂಟು.”

ಮಾವ ಒಂದು ಗಳಿಗೆ ಹೆಂಡತಿಯ ಮುಖ ನೋಡಿದರು. ಆಮೇಲೆ ಹಲ್ಲು ಕಚ್ಚಿ, ಎರಡೂ ಕೈಯಿಂದ ಕುರ್ಚಿ ಸರಿಸಿಕೊಂಡು ಪಕ್ಕದಲ್ಲಿ ಒಂದು ಜಾಗ ಮಾಡಿದರು. ನಿತೇಶ್‌ಭಾಯಿ ತಾನಾಗಿಯೇ ಎದ್ದ. ಕ್ಯಾಮೆರಾದ ಮೂವರಿಗೆ ಎದುರು ಕಟ್ಟಡದ ಮೆಟ್ಟಿಲಲ್ಲಿ ಇಳಿಯಿರಿ ಎಂದು ಕೈ ಮಾಡಿದ. ಅಧಿಕಾರಿಗೂ ಮಾಡಿದ. ಮೂರು ದಿನದಲ್ಲಿ ಅವನು ಯಾರಿಗಾದರೂ ‘ಕಾಲೆ’ ಎನ್ನದೆ ಮಾಡಿದ ಮೊದಲ ಕೆಲಸ ಅದು. ಎಂಜಿನ್ ಮತ್ತೆ ಶುರುವಾಗಿ ಬೋಟು ಮಗುವಿನ ಬಾಲ್ಕನಿಯ ಕಡೆ ತಿರುಗಿತು, ಕೂಗು ಇನ್ನೂ ಜೋರಾಯಿತು.

ಅದು ಅಜ್ಜಿಯಲ್ಲ ಅತ್ತೆ ಎಂದು ಹೇಳಲು ನನ್ನ ಬಾಯಿ ತೆರೆಯಲಿಲ್ಲ. ಅವರು ಆಗಲೇ ಎರಡೂ ಕೈ ಮೇಲಕ್ಕೆ ಚಾಚಿ, ಕುತ್ತಿಗೆ ಎತ್ತಿ ಮಗುವಿಗೆ ಹೇಳುತ್ತಿದ್ದರು.

“ಬಂದೆ ಕಂದ, ಬಂದೆ. ಅಜ್ಜಿ ಬಂದಾಯ್ತು.”